ಗಟ್ಟಿ ಪ್ಲಾಸ್ಟಿಕ್ ಪ್ಯಾಕೆಟ್ಟನ್ನು ಕೈಗೆ ಗಾಯವಾಗದಂತೆ ಬಿಚ್ಚುವುದು ಹೇಗೆ?

ನಿವೃತ್ತ ಶಿಕ್ಷಕ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಐದು ದಿನಗಳ ಹಿಂದೆ ಮೊಬೈಲಿಗೆಂದು ತಂದ ಮೆಮೊರಿ ಕಾರ್ಡಿನ ಪ್ಯಾಕೆಟ್ಟನ್ನು ಬಿಚ್ಚಲು ಹೋಗಿ ಎಡಗೈ ಹೆಬ್ಬೆರಳಿನ ಬುಡಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದಿದ್ದೇನೆ. ಉಗುರಿನಷ್ಟು ಅಗಲದ ಆ ಕಾರ್ಡನ್ನು ಅಂಗೈಗಿಂತ ದೊಡ್ಡದಾದ ಎರಡು ಪ್ಲಾಸ್ಟಿಕ್ ಚಿಪ್ಪುಗಳ ನಡುವೆ ಇರಿಸಿ ಸುತ್ತಲೂ ಬೆಸೆದಿದ್ದರು. ಕೈಯಿಂದ ಎಳೆದರೆ ಬರಲಿಲ್ಲ, ಅಡುಗೆಮನೆಯ ಕತ್ತರಿ ಜಾರಿತು. ಕೊನೆಗೆ ಪ್ಯಾಕೆಟ್ಟನ್ನು ಎಡಗೈಯಲ್ಲಿ ಹಿಡಿದು, ತರಕಾರಿ ಹೆಚ್ಚುವ ಚಾಕುವಿನ ಮೊನೆಯನ್ನು ಅಂಚಿನಲ್ಲಿ ಊರಿ ಒತ್ತಿದೆ. ಎಷ್ಟು ಒತ್ತಿದರೂ ಜಗ್ಗದಿದ್ದ ಪ್ಲಾಸ್ಟಿಕ್ಕು ಒಮ್ಮೆಲೇ ಬಿಟ್ಟುಕೊಟ್ಟಿತು, ಅಷ್ಟು ಹೊತ್ತು ಕೂಡಿಸಿಕೊಂಡಿದ್ದ ಬಲವೆಲ್ಲ ಚಾಕುವಿನೊಂದಿಗೆ ನನ್ನ ಕೈಗೇ ಬಂತು.

ನನಗೆ ಅರವತ್ತೆಂಟು ವರ್ಷ. ಹೆಬ್ಬೆರಳಿನ ಕೀಲುಗಳಲ್ಲಿ ಸಂಧಿವಾತದ ನೋವಿರುವುದರಿಂದ ಬಿಗಿಯಾಗಿ ಹಿಡಿಯುವುದು ಮೊದಲಿನಂತೆ ಆಗುವುದಿಲ್ಲ. ಹಲ್ಲುಜ್ಜುವ ಬ್ರಷ್, ಬ್ಯಾಟರಿ, ಗಡ್ಡದ ಬ್ಲೇಡು, ಚಾರ್ಜರ್ ಹೀಗೆ ದಿನಬಳಕೆಯ ಎಷ್ಟೋ ವಸ್ತುಗಳು ಇಂಥದೇ ಪ್ಯಾಕೆಟ್ಟಿನಲ್ಲಿ ಬರುತ್ತಿವೆ. ನಾನು ಕೇಳಬೇಕಾದದ್ದು ಇಷ್ಟು: ಇದಕ್ಕೆ ಸರಿಯಾದ ಉಪಕರಣ ಯಾವುದು, ಎಲ್ಲಿ ಕತ್ತರಿಸಬೇಕು, ಮತ್ತು ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಮಾಡಿದರೆ ಅಂಟು ಬಿಡುತ್ತದೆ ಎಂದು ನೆರೆಯವರು ಹೇಳಿದ್ದು ನಿಜವೇ?

ಹಾರ್ಡ್‌ವೇರ್ ಅಂಗಡಿ, ಶಿವಮೊಗ್ಗ:

ಸರ್, ಮೊದಲು ಚಾಕುವನ್ನು ಪಕ್ಕಕ್ಕಿಡಿ. ನೀವು ಬರೆದಿರುವ ಆ ಕ್ಷಣವೇ ಇಡೀ ಸಮಸ್ಯೆ. ಚಾಕು ಕೆಲಸ ಮಾಡಬೇಕಾದರೆ ಅದನ್ನು ಒತ್ತಬೇಕು, ಎದುರಿನ ವಸ್ತು ಸೋತ ಕೂಡಲೇ ಆ ಒತ್ತಡ ಮುಂದಕ್ಕೆ ಹೋಗುತ್ತದೆ, ಮುಂದೆ ಇರುವುದು ಪ್ಯಾಕೆಟ್ಟನ್ನು ಹಿಡಿದ ಕೈ. ಕತ್ತರಿಯಲ್ಲಿ ಎರಡು ಅಲಗುಗಳು ಒಂದರ ಎದುರು ಒಂದು ಬಂದು ಬಲವು ಅವುಗಳ ನಡುವೆಯೇ ಮುಗಿದುಹೋಗುತ್ತದೆ. ಅಂಗಡಿಗೆ ಬಂದವರು ಪೇಪರ್ ಕಟರ್ ಕೇಳಿದಾಗ ಏನನ್ನು ಕತ್ತರಿಸಲು ಎಂದು ನಾನು ವಿಚಾರಿಸುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಇರಬೇಕಾದದ್ದು ಗಿಡ ಸವರುವ ಕತ್ತರಿ, ಇಲ್ಲವೇ ತಗಡು ಕತ್ತರಿಸುವ ಸಣ್ಣ ಕತ್ತರಿ. ಗಿಡದ ಕತ್ತರಿಯಲ್ಲಿ ಸ್ಪ್ರಿಂಗ್ ಇರುವುದರಿಂದ ಅದು ತಾನೇ ತೆರೆದುಕೊಳ್ಳುತ್ತದೆ, ಹೆಬ್ಬೆರಳಿನಿಂದ ಅಗಲಿಸುವ ಶ್ರಮ ನಿಮಗೆ ಉಳಿಯುತ್ತದೆ. ಹಿಡಿಯನ್ನು ಇಡೀ ಅಂಗೈಯಿಂದ ಅದುಮಬಹುದಾದ್ದರಿಂದ ಬೆರಳ ಗಂಟುಗಳ ಮೇಲೆ ಭಾರ ಬೀಳುವುದೂ ಕಡಿಮೆ. ತಗಡಿನ ಕತ್ತರಿ ಕೊಳ್ಳುವುದಾದರೆ ಅದರ ಹಿಡಿಯ ಬಣ್ಣಕ್ಕೆ ಅರ್ಥವಿದೆ: ಹಳದಿ ಹಿಡಿಯದು ನೇರವಾಗಿ, ಕೆಂಪು ಹಿಡಿಯದು ಎಡಕ್ಕೆ, ಹಸಿರು ಹಿಡಿಯದು ಬಲಕ್ಕೆ ತಿರುಗುತ್ತಾ ಕತ್ತರಿಸಲು ಮಾಡಿದವು. ಪ್ಯಾಕೆಟ್ಟಿಗೆ ಹಳದಿ ಸಾಕು.

ನಮ್ಮ ಕಡೆ ಅಡಿಕೆ ಕತ್ತರಿಸುವ ಅಡಕತ್ತರಿ ಇಲ್ಲದ ಮನೆಗಳು ಕಡಿಮೆ. ದಪ್ಪ ಮೂಲೆಯೊಂದನ್ನು ಮೊದಲು ಚಿವುಟಿ ತೆಗೆಯಲು ಅದು ಚೆನ್ನಾಗಿ ಒದಗುತ್ತದೆ, ಉದ್ದಕ್ಕೆ ಕತ್ತರಿಸಲು ಬರುವುದಿಲ್ಲ. ಈಳಿಗೆಮಣೆಯ ಮೇಲೆ ಪ್ಯಾಕೆಟ್ಟನ್ನು ಎಳೆಯುವವರನ್ನೂ ನೋಡಿದ್ದೇನೆ. ಅಲ್ಲಿ ಅಲಗು ಸ್ಥಿರವಾಗಿದ್ದು ನಮ್ಮ ಎರಡೂ ಕೈಗಳು ಅದರ ಕಡೆಗೆ ಹೋಗುತ್ತವೆ. ಬದನೆಕಾಯಿಗೆ ಅದು ಸರಿ, ಜಾರುವ ಪ್ಲಾಸ್ಟಿಕ್ಕಿಗೆ ದಯವಿಟ್ಟು ಬೇಡ.

ಶುಶ್ರೂಷಕಿ, ಹಾಸನ:

ಮೇಷ್ಟ್ರೇ, ಉಪಕರಣದ ಮಾತಿಗಿಂತ ಮುಂಚೆ ನನ್ನದೊಂದು ಪ್ರಶ್ನೆ ಇದೆ. ಗಾಯವಾದ ಹೆಬ್ಬೆರಳಿನ ತುದಿಯನ್ನು ಹತ್ತಿಯ ಎಳೆಯಿಂದ ಎರಡೂ ಪಕ್ಕದಲ್ಲಿ ಮುಟ್ಟಿ ನೋಡಿ. ಎರಡೂ ಕಡೆ ಒಂದೇ ರೀತಿ ತಿಳಿಯುತ್ತದೆಯೇ? ತುದಿಯ ಗೆಣ್ಣನ್ನು ತಾನಾಗಿ ಮಡಿಸಲು ಆಗುತ್ತದೆಯೇ? ಬೆರಳಿಗೆ ಸ್ಪರ್ಶಜ್ಞಾನ ಕೊಡುವ ನರಗಳು ಎರಡು ಪಕ್ಕಗಳಲ್ಲಿ ಸಾಗುತ್ತವೆ, ಹೆಬ್ಬೆರಳಿನ ಬುಡದಲ್ಲಿ ಅವು ಚರ್ಮಕ್ಕೆ ಬಹಳ ಹತ್ತಿರದಲ್ಲಿರುತ್ತವೆ. ಮಡಿಸುವ ಸ್ನಾಯುರಜ್ಜುವೂ ಅಲ್ಲಿಯೇ ಹಾದುಹೋಗುತ್ತದೆ. ಮೇಲಿನ ಗಾಯ ಚಿಕ್ಕದಾಗಿ ಕಂಡು ಹೊಲಿಗೆ ಬಿದ್ದ ಮೇಲೂ ಒಳಗಿನ ನರಕ್ಕೆ ಪೆಟ್ಟಾಗಿದ್ದು ಗಮನಕ್ಕೆ ಬಾರದೆ ಉಳಿಯುವುದುಂಟು. ರಜ್ಜು ಅಥವಾ ನರ ತುಂಡಾಗಿದ್ದರೆ ಅದನ್ನು ದಿನಗಳ ಒಳಗೆ ಸರಿಪಡಿಸಬೇಕು, ವಾರಗಟ್ಟಲೆ ಬಿಟ್ಟರೆ ಕಷ್ಟ. ದಯವಿಟ್ಟು ಇದಕ್ಕೆ ಉತ್ತರಿಸಿ.

ಪ್ಯಾಕಿಂಗ್ ವಿಭಾಗ, ಪೀಣ್ಯ:

ನಾನು ಬೆಂಗಳೂರಿನ ಪೀಣ್ಯದ ಒಂದು ಘಟಕದಲ್ಲಿ ಇದೇ ಚಿಪ್ಪುಗಳನ್ನು ಮಾಡುವ ಸಾಲಿನಲ್ಲಿ ಕೆಲಸ ಮಾಡಿದವನು. ಇದನ್ನು ಮಾಡುವ ಬಗೆ ತಿಳಿದರೆ ಬಿಚ್ಚುವ ಬಗೆಯೂ ತಿಳಿಯುತ್ತದೆ ಎಂಬ ನಂಬಿಕೆಯಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಮೆದುವಾಗುವ ತನಕ ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಹೀರಿಕೊಂಡರೆ ಹಾಳೆ ಅಚ್ಚಿನ ಆಕಾರ ಪಡೆಯುತ್ತದೆ. ಹೀಗೆ ಆದ ಎರಡು ಚಿಪ್ಪುಗಳ ನಡುವೆ ವಸ್ತುವನ್ನೂ ಮುದ್ರಿತ ಕಾರ್ಡನ್ನೂ ಇಟ್ಟು ಮುಚ್ಚಿ, ಅಂಚನ್ನು ಬಿಸಿ ಅಚ್ಚಿನಿಂದಲೋ ಅಧಿಕ ಆವರ್ತನದ ವಿದ್ಯುತ್ತಿನಿಂದಲೋ ಬೆಸೆಯುತ್ತಾರೆ. ಇಲ್ಲಿ ಅಂಟು ಎಂಬುದೇ ಇಲ್ಲ. ಎರಡು ಹಾಳೆಗಳೂ ಕರಗಿ ಒಂದೇ ಹಾಳೆಯಾಗಿರುತ್ತವೆ, ಆದ್ದರಿಂದ ಎಳೆದು ಬಿಡಿಸಲು ಬಿರುಕೇ ಸಿಗುವುದಿಲ್ಲ. ಅಷ್ಟು ಚಿಕ್ಕ ಕಾರ್ಡಿಗೆ ಅಷ್ಟು ದೊಡ್ಡ ಚಿಪ್ಪು ಏಕೆಂದರೆ, ಬೆಲೆಬಾಳುವ ಸಣ್ಣ ವಸ್ತುವನ್ನು ಅಂಗಡಿಯಲ್ಲಿ ಯಾರೂ ಮುಷ್ಟಿಯಲ್ಲಿ ಅಡಗಿಸಿ ಒಯ್ಯಬಾರದು, ಪ್ಯಾಕೆಟ್ಟಿನಿಂದ ಹೊರಗೆ ಜಾರಿಸಲೂ ಬಾರದು. ಕೊಕ್ಕೆಗೆ ತೂಗುಹಾಕಲು, ವಸ್ತು ಕಣ್ಣಿಗೆ ಕಾಣಲು ಅನುಕೂಲವಾಗುವುದೂ ಒಂದು ಕಾರಣ. ಈ ಲೆಕ್ಕದಲ್ಲಿ ಮನೆಯಲ್ಲಿ ಬಿಚ್ಚುವವರ ಕೈ ಎಲ್ಲಿಯೂ ಬಂದಿರಲಿಲ್ಲ ಎಂಬುದು ನನಗೆ ಆಗಲೂ ಬೇಸರದ ಸಂಗತಿಯಾಗಿತ್ತು.

ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಬರುತ್ತೇನೆ. ಪ್ಯಾಕೆಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಚಿಗೆ ಸಮಾನಾಂತರವಾಗಿ ಒಂದು ಪಟ್ಟಿ, ಗೆರೆ ಅಥವಾ ಚುಕ್ಕೆಗಳ ಸಾಲು ಕಾಣುತ್ತದೆ, ಅದೇ ಬೆಸುಗೆ. ಬಹಳ ಜನ ಅದರ ಹೊರಗೆ ಕತ್ತರಿಸುತ್ತಾರೆ. ಹಾಗೆ ಮಾಡಿದರೆ ಪ್ಯಾಕೆಟ್ಟು ಮುಚ್ಚಿಯೇ ಇರುತ್ತದೆ, ಅಂಚು ಮಾತ್ರ ಹರಿತವಾಗುತ್ತದೆ, ಆಮೇಲೆ ಸಿಟ್ಟಿನಿಂದ ಕೈಹಾಕಿ ಎಳೆಯುವಾಗ ಗಾಯವಾಗುತ್ತದೆ. ಬೆಸುಗೆಗೂ ವಸ್ತು ಕೂತಿರುವ ಉಬ್ಬಿಗೂ ನಡುವಿನ ಚಪ್ಪಟೆ ಜಾಗದಲ್ಲಿ ಕತ್ತರಿಸಿದರೆ ಎರಡು ಚಿಪ್ಪುಗಳು ತಾವಾಗಿ ಬೇರೆಯಾಗುತ್ತವೆ. ಒಂದು ಪಕ್ಕದಲ್ಲಿ ಮಡಿಕೆ ಇದ್ದರೆ ಅದನ್ನು ಬಿಟ್ಟು ಉಳಿದ ಮೂರು ಪಕ್ಕ ಕತ್ತರಿಸಿ, ಪುಸ್ತಕದಂತೆ ತೆರೆಯಬಹುದು. ಒಳಗಿನ ಕೇಬಲ್ಲು, ಕೈಪಿಡಿ ಎಲ್ಲಿಯವರೆಗೆ ಚಾಚಿವೆ ಎಂಬುದನ್ನು ಕಾರ್ಡಿನ ಹಿಂಬದಿಯಿಂದಲೂ ನೋಡಿಕೊಳ್ಳಿ.

ಡ್ರೈಯರ್ ಬೇಡ. ಪಿಇಟಿ ಎಂಬ ಪ್ಲಾಸ್ಟಿಕ್ಕು 70 ರಿಂದ 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆದುವಾಗತೊಡಗುವುದು ನಿಜ, ಆದರೆ ಬೆಸುಗೆ ಬಿಡುವುದಿಲ್ಲ. ಚಿಪ್ಪು ಸೊಟ್ಟಗಾಗಿ ಒಳಗಿನ ವಸ್ತುವನ್ನು ಇನ್ನಷ್ಟು ಅಪ್ಪಿಕೊಳ್ಳುತ್ತದೆ. ಒಳಗೆ ಬ್ಯಾಟರಿ ಇದ್ದರೆ ಅದನ್ನು ಕಾಯಿಸಲೇಬಾರದು. ಮೇಣದಬತ್ತಿಯಿಂದ ಸುಡುವುದು, ಕಾದ ಚಾಕು ಹಾಕುವುದು ಇನ್ನೂ ಕೆಟ್ಟದ್ದು. ತ್ರಿಕೋನದ ಗುರುತಿನಲ್ಲಿ 1 ಎಂದಿದ್ದರೆ ಪಿಇಟಿ, 3 ಎಂದಿದ್ದರೆ ಪಿವಿಸಿ. ಪಿವಿಸಿ ಸುಟ್ಟರೆ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಕಣ್ಣಿಗೂ ಶ್ವಾಸಕ್ಕೂ ಹಾನಿ ಮಾಡುತ್ತದೆ.

ದರ್ಜಿ, ರಾಣೆಬೆನ್ನೂರು:

ಬಟ್ಟೆಯ ಕತ್ತರಿಯನ್ನು ಮಾತ್ರ ಇದಕ್ಕೆ ಮುಟ್ಟಬೇಡಿ ಎಂದು ಹೇಳಲು ಬಂದೆ. ಒಂದು ಪ್ಯಾಕೆಟ್ಟು ಸಾಕು, ಅದರ ಬಾಯಿ ಹೋಗುತ್ತದೆ, ಆಮೇಲೆ ಬಟ್ಟೆ ಕಚ್ಚಲು ಶುರುವಾಗುತ್ತದೆ.

ಇನ್ನೊಂದು ವಿಷಯ ನಮ್ಮ ಕಸುಬಿನಿಂದ ಬಂದದ್ದು. ಉದ್ದಕ್ಕೆ ಕತ್ತರಿಸುವಾಗ ಪ್ರತಿ ಸಲವೂ ಕತ್ತರಿಯನ್ನು ತುದಿಯವರೆಗೆ ಮುಚ್ಚಬಾರದು. ಪೂರ್ತಿ ಮುಚ್ಚಿ ಮತ್ತೆ ತೆರೆದು ಮುಂದೆ ಹಾಕಿದರೆ, ಹಳೆಯ ಕೊಯ್ತ ನಿಂತಲ್ಲಿ ಮತ್ತು ಹೊಸ ಕೊಯ್ತ ಆರಂಭವಾದಲ್ಲಿ ಒಂದು ಸಣ್ಣ ಮುಳ್ಳು ಏಳುತ್ತದೆ. ಬಟ್ಟೆಯಲ್ಲಿ ಅದು ಅಂದಗೆಡಿಸುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಚರ್ಮ ಸೀಳುತ್ತದೆ. ಅಲಗಿನ ಬುಡದಲ್ಲಿ ಪ್ಲಾಸ್ಟಿಕ್ಕನ್ನು ಕೂರಿಸಿ, ಮುಕ್ಕಾಲು ಭಾಗ ಮುಚ್ಚಿ, ಅಷ್ಟಕ್ಕೇ ತೆರೆದು, ಕೊಯ್ತದ ಬಾಯಿಯಿಂದ ಹೊರಗೆಳೆಯದೆ ಮುಂದೆ ತಳ್ಳಬೇಕು. ಮೂಲೆ ಬಂದಾಗ ಚೂಪಾಗಿ ತಿರುಗದೆ ದುಂಡಗೆ ತಿರುಗಬೇಕು. ಕತ್ತರಿಯನ್ನು ತಿರುಗಿಸುವ ಬದಲು ಪ್ಯಾಕೆಟ್ಟನ್ನು ಮೇಜಿನ ಮೇಲೆ ತಿರುಗಿಸಿದರೆ ಅಂಚು ನಯವಾಗಿ ಬರುತ್ತದೆ.

ನಿವೃತ್ತ ಶಿಕ್ಷಕ, ಧಾರವಾಡ:

ಹಾಸನದ ಸಹೋದರಿಯವರಿಗೆ: ಬೆರಳು ಮಡಿಸಲು ಆಗುತ್ತದೆ. ನೀವು ಹೇಳಿದಂತೆ ಹತ್ತಿಯಿಂದ ಮುಟ್ಟಿ ನೋಡಿದೆ. ತೋರುಬೆರಳಿನ ಕಡೆಗಿರುವ ಪಕ್ಕದಲ್ಲಿ ಸರಿಯಾಗಿ ತಿಳಿಯುತ್ತದೆ, ಹೊರಪಕ್ಕದಲ್ಲಿ ಜೋಮು ಹಿಡಿದಂತೆ ಇದೆ. ಇದು ಹೊಲಿಗೆಯ ಔಷಧದ ಪರಿಣಾಮ ಎಂದು ಭಾವಿಸಿ ಸುಮ್ಮನಿದ್ದೆ.

ಶುಶ್ರೂಷಕಿ, ಹಾಸನ:

ಮರಗಟ್ಟಿಸುವ ಔಷಧದ ಪರಿಣಾಮ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಐದು ದಿನ ಉಳಿಯುವುದಿಲ್ಲ. ನಾಳೆಯೇ ಕೈ ಶಸ್ತ್ರಚಿಕಿತ್ಸೆ ಮಾಡುವವರು ಅಥವಾ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ಒಂದು ಪಕ್ಕದಲ್ಲಿ ಮಾತ್ರ ಜೋಮು ಇದೆ ಎಂದು ಇದೇ ಮಾತುಗಳಲ್ಲಿ ಹೇಳಿ. ಗಾಬರಿಯಾಗಬೇಡಿ, ನರ ಜಜ್ಜಿದ್ದರೂ ಹೀಗಾಗುತ್ತದೆ ಮತ್ತು ಆಗ ಅದು ತಾನೇ ಚೇತರಿಸಿಕೊಳ್ಳಬಹುದು, ಆದರೆ ಜಜ್ಜಿದ್ದೋ ತುಂಡಾದದ್ದೋ ಎಂಬುದನ್ನು ನೋಡಿ ತೀರ್ಮಾನಿಸಬೇಕಾದವರು ಅವರು.

ಇಲ್ಲಿ ಓದುತ್ತಿರುವ ಉಳಿದವರಿಗಾಗಿ ಬರೆಯುತ್ತೇನೆ. ಕೈ ಕೊಯ್ದುಕೊಂಡಾಗ ಮೊದಲು ಉಂಗುರ, ಬಳೆಗಳನ್ನು ತೆಗೆಯಿರಿ, ಬಾವು ಬಂದ ಮೇಲೆ ಅವು ಹೊರಬರುವುದಿಲ್ಲ. ಗಾಯವನ್ನು ಹರಿಯುವ ನಲ್ಲಿ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯನ್ನು ಇಟ್ಟು, ಕೈಯನ್ನು ಎದೆಗಿಂತ ಮೇಲೆ ಎತ್ತಿ, ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ರಕ್ತ ನಿಂತಿದೆಯೇ ಎಂದು ನಡುನಡುವೆ ತೆಗೆದು ನೋಡಿದರೆ ಕಟ್ಟುತ್ತಿರುವ ಹೆಪ್ಪು ಕಿತ್ತುಬರುತ್ತದೆ. ರಕ್ತ ಚಿಮ್ಮುತ್ತಿದ್ದರೆ ತೊಳೆಯಲು ಕಾಯದೆ ಒತ್ತಿ ಹಿಡಿದೇ ಆಸ್ಪತ್ರೆಗೆ ಹೊರಡಿ. ಕಾಫಿಪುಡಿ, ಅರಿಶಿನ, ಸುಣ್ಣ ತುಂಬಿಕೊಂಡು ಬರುವವರನ್ನು ಈಗಲೂ ಕಾಣುತ್ತೇವೆ. ಮನೆಯವರು ಪ್ರೀತಿಯಿಂದಲೇ ಹಾಕಿರುತ್ತಾರೆ, ಆದರೆ ಅದನ್ನೆಲ್ಲ ಉಜ್ಜಿ ತೊಳೆಯದೆ ಹೊಲಿಗೆ ಹಾಕಲಾಗುವುದಿಲ್ಲ, ಆ ತೊಳೆಯುವಿಕೆಯೇ ಗಾಯಕ್ಕಿಂತ ಹೆಚ್ಚು ನೋಯಿಸುತ್ತದೆ. ಬೆರಳಿಗೆ ದಾರ ಅಥವಾ ರಬ್ಬರ್ ಬ್ಯಾಂಡ್ ಬಿಗಿಯುವುದೂ ತಪ್ಪು. ಕೊನೆಯ ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತು ಎಂಬುದನ್ನು ನೆನಪಿಸಿಕೊಂಡು ವೈದ್ಯರಿಗೆ ತಿಳಿಸಿ.

ಇಬ್ಬರು ಮಕ್ಕಳ ತಾಯಿ, ಮೈಸೂರು:

ಎಲ್ಲ ಪ್ಯಾಕೆಟ್ಟುಗಳೂ ಸುಲಭವಾಗಿ ಬಿಚ್ಚುವಂತಿರಬೇಕು ಎಂಬ ಆಸೆ ನನಗೂ ಇತ್ತು. ಆದರೆ ಒಂದು ವಸ್ತುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಯಿತು, ಅದು ಗುಂಡಿಯಂತಹ ಚಪ್ಪಟೆ ಬ್ಯಾಟರಿ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳಲ್ಲೇ ತೀವ್ರ ಸುಟ್ಟಗಾಯ ಮಾಡಬಲ್ಲದು. ಅಮೆರಿಕದಲ್ಲಿ ಹೀಗೆ ಒಂದು ಮಗು ತೀರಿಕೊಂಡ ನಂತರ 2022 ರಲ್ಲಿ, ಇಂತಹ ಬ್ಯಾಟರಿಗಳನ್ನು ಮಕ್ಕಳ ಕೈಗೆ ಬಿಚ್ಚಲಾಗದ ಪ್ಯಾಕೆಟ್ಟಿನಲ್ಲೇ ಮಾರಬೇಕೆಂದು ಆ ಮಗುವಿನ ಹೆಸರಿನಲ್ಲಿ ಕಾನೂನು ತಂದರು. ಅಲ್ಲಿ ಗಟ್ಟಿತನ ಬೇಕೆಂದೇ ಇಟ್ಟದ್ದು. ಹಾಗಾಗಿ ಐದು ಬ್ಯಾಟರಿಗಳ ಪಟ್ಟಿಯಲ್ಲಿ ಒಂದು ಬೇಕಾದರೆ ಒಂದನ್ನಷ್ಟೇ ಕತ್ತರಿಸಿ ತೆಗೆದು, ಉಳಿದವನ್ನು ಅದೇ ಪ್ಯಾಕೆಟ್ಟಿನಲ್ಲಿ ಮೇಲಿನ ಕಪಾಟಿನಲ್ಲಿಡುತ್ತೇನೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಆಟಿಕೆಗಳ ಪ್ಯಾಕೆಟ್ಟನ್ನು ಮಕ್ಕಳ ಎದುರು ಬಿಚ್ಚಬೇಡಿ ಎನ್ನುವುದು ಕಷ್ಟವೇ, ಹುಟ್ಟುಹಬ್ಬದ ದಿನ ಅದು ಆಗದ ಮಾತು. ನಾನು ಉಡುಗೊರೆಯ ಹೊರಕಾಗದ ಮಾತ್ರ ಅವರಿಂದ ಬಿಚ್ಚಿಸಿ, ಚಿಪ್ಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚುತ್ತೇನೆ. ಒಳಗೆ ಆಟಿಕೆಯನ್ನು ಬಿಗಿದಿರುವ ಪ್ಲಾಸ್ಟಿಕ್ ಕಟ್ಟುಗಳಿಗೆ ಉಗುರು ಕತ್ತರಿ ಸಾಕಾಗುತ್ತದೆ.

ಎಡಗೈಯವನು, ಉಡುಪಿ:

ಎಡಗೈ ಬಳಸುವವರ ಪರವಾಗಿ ಒಂದು ಮಾತು. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಅದುಮಿದಾಗ ಬೆರಳುಗಳ ಒತ್ತಡವು ಎರಡು ಅಲಗುಗಳನ್ನು ಕೂಡಿಸುವ ಬದಲು ದೂರ ತಳ್ಳುತ್ತದೆ. ಪ್ಲಾಸ್ಟಿಕ್ಕು ಕತ್ತರಿಸದೆ ಆ ಸಂದಿನಲ್ಲಿ ಮಡಿಚಿಕೊಳ್ಳುತ್ತದೆ. ನಾನು ಬಹಳ ವರ್ಷ ಇದನ್ನು ನನ್ನ ಕೈಯ ದೋಷವೆಂದೇ ಎಣಿಸಿದ್ದೆ. ಎಡಗೈಯವರಿಗೆಂದೇ ಮಾಡಿದ ಕತ್ತರಿ ಸಿಗುತ್ತದೆ. ಅದು ಸಿಗದಿದ್ದರೆ ಶಿವಮೊಗ್ಗದವರು ಹೇಳಿದ ಹಸಿರು ಹಿಡಿಯ ತಗಡಿನ ಕತ್ತರಿ ನನಗೆ ಹೊಂದುತ್ತಿದೆ.

ಕನ್ನಡತಿ, ಡಲ್ಲಾಸ್:

ಇಲ್ಲಿ ಈ ಪ್ಯಾಕೆಟ್ಟುಗಳ ಮೇಲಿನ ಸಿಟ್ಟಿಗೆ ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಹೆಸರೇ ಹುಟ್ಟಿಕೊಂಡಿದೆ. 2008 ರಲ್ಲಿ ಅಮೆಜಾನ್ ಸಂಸ್ಥೆ, ಚಿಪ್ಪುಗಳಿಲ್ಲದ, ಸುಲಭವಾಗಿ ತೆರೆಯುವ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸುವ ಯೋಜನೆಯನ್ನು ಆರಂಭಿಸಿತು. ಮೊದಲ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೆ ಮೆಮೊರಿ ಕಾರ್ಡುಗಳೂ ಇದ್ದವು. ಅಂಚೆಯಲ್ಲಿ ಬರುವ ವಸ್ತುವಿಗೆ ಅಂಗಡಿಯ ಕಳ್ಳರ ಭಯವಿಲ್ಲವಲ್ಲ, ಪೀಣ್ಯದವರು ಹೇಳಿದ ಕಾರಣವೇ ಅಲ್ಲಿ ಇಲ್ಲವಾಗುತ್ತದೆ. ಅದೇ ವಸ್ತು ರಟ್ಟಿನ ಪೆಟ್ಟಿಗೆಯಲ್ಲೂ ಸಿಗುವುದಾದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಡಬ್ಬಿ ತೆರೆಯುವ ಚಕ್ರದ ಓಪನರ್‌ನಿಂದ ಅಂಚನ್ನು ಕತ್ತರಿಸಬಹುದು ಎಂಬ ಸಲಹೆ ಇಲ್ಲಿ ಬಹಳ ಓಡಾಡುತ್ತದೆ. ನಾನು ಹಲವು ಸಲ ಪ್ರಯತ್ನಿಸಿದ್ದೇನೆ. ನೇರವಾದ, ದಪ್ಪನೆಯ ಅಂಚಿನಲ್ಲಿ ಚೆನ್ನಾಗಿ ಸಾಗುತ್ತದೆ, ಮೂಲೆಯಲ್ಲಿ ನಿಂತುಬಿಡುತ್ತದೆ, ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಹಿಡಿತವೇ ಸಿಗುವುದಿಲ್ಲ. ಅದಕ್ಕಾಗಿಯೇ ಕೊಳ್ಳಬೇಡಿ.

ಪ್ಯಾಕಿಂಗ್ ವಿಭಾಗ, ಪೀಣ್ಯ:

ಒಂದು ಮುಖ್ಯ ವಿಷಯ ಬಿಟ್ಟಿದ್ದೆ. ಕತ್ತರಿ ಎತ್ತಿಕೊಳ್ಳುವ ಮುನ್ನ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏಕೆಂದರೆ ಹೊರನೋಟಕ್ಕೆ ಒಂದೇ ರೀತಿ ಕಂಡರೂ ಎಲ್ಲವೂ ಬೆಸೆದವಲ್ಲ. ಹಲ್ಲುಜ್ಜುವ ಬ್ರಷ್ಷಿನಂಥವುಗಳಲ್ಲಿ ಮುಂದೆ ಮಾತ್ರ ಪ್ಲಾಸ್ಟಿಕ್ ಉಬ್ಬು, ಹಿಂದೆ ರಟ್ಟು ಇರುತ್ತದೆ. ರಟ್ಟನ್ನು ಹಿಂದಕ್ಕೆ ಬಾಗಿಸಿ ಒಂದು ಮೂಲೆಯಿಂದ ಸುಲಿದರೆ ಪ್ಲಾಸ್ಟಿಕ್ಕಿನ ಗೊಡವೆಯೇ ಬೇಡ, ಕೆಲವದರಲ್ಲಿ ಹರಿಯಲು ತೂತುಗಳ ಸಾಲನ್ನೇ ಕೊಟ್ಟಿರುತ್ತಾರೆ. ಇನ್ನು ಕೆಲವದರಲ್ಲಿ ಪ್ಲಾಸ್ಟಿಕ್ಕಿನ ಮೂರು ಅಂಚುಗಳನ್ನು ರಟ್ಟಿನ ಸುತ್ತ ಮಡಿಚಿರುತ್ತಾರೆ, ಬದಿಯ ಪಿನ್ನನ್ನು ತೆಗೆದು ರಟ್ಟನ್ನು ಮೇಲಕ್ಕೆ ಜಾರಿಸಿದರೆ ಮುಗಿಯಿತು. ಎರಡು ಚಿಪ್ಪುಗಳಿದ್ದರೂ ಮೂಲೆಗಳಲ್ಲಿ ದುಂಡನೆಯ ಗುಬುಟುಗಳಿದ್ದರೆ ಅವು ಒತ್ತುಗುಂಡಿಗಳಾಗಿರಬಹುದು, ಅಂಚನ್ನು ಮೇಲೆತ್ತಿದರೆ ಬಿಟ್ಟುಕೊಳ್ಳುತ್ತವೆ.

ಕಾರ್ಡಿನ ಮೇಲಿನ ಬಾರ್‌ಕೋಡ್ ಮತ್ತು ಕ್ರಮಸಂಖ್ಯೆ ಇರುವ ಭಾಗವನ್ನು ಕತ್ತರಿಸಬೇಡಿ. ವಾರಂಟಿ ಕೇಳುವಾಗ ಅದನ್ನೇ ಕೇಳುತ್ತಾರೆ.

ಹಾರ್ಡ್‌ವೇರ್ ಅಂಗಡಿ, ಶಿವಮೊಗ್ಗ:

ಕೈಯಲ್ಲಿ ಶಕ್ತಿ ಕಡಿಮೆ ಇರುವ ಹಿರಿಯರು ಅಂಗಡಿಯಲ್ಲೇ ಬಿಚ್ಚಿಸಿಕೊಳ್ಳಲು ಸಂಕೋಚಪಡಬಾರದು. ಹಣ ಕೊಟ್ಟ ಮೇಲೆ ‘ಸ್ವಲ್ಪ ಕತ್ತರಿಸಿ ಕೊಡಿ’ ಎಂದರೆ ಇಲ್ಲ ಎನ್ನುವ ಅಂಗಡಿಯವರು ವಿರಳ, ಒಳಗಿನ ವಸ್ತು ಸರಿಯಿದೆಯೇ ಎಂದು ಅಲ್ಲಿಯೇ ನೋಡಿಕೊಂಡ ಹಾಗೂ ಆಗುತ್ತದೆ. ಮನೆಯಲ್ಲಿ ಬಿಚ್ಚುವುದಾದರೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಪ್ಯಾಕೆಟ್ಟಿಡಿ, ಜಾರುವುದಿಲ್ಲ. ಹಿಡಿಯುವ ಕೈಗೆ ದಪ್ಪ ಕೈಗವಸು ಹಾಕಿ, ಆ ಕೈ ಯಾವಾಗಲೂ ಕತ್ತರಿಯ ಹಿಂದೆ ಇರಲಿ, ಅದು ಹೋಗುತ್ತಿರುವ ದಾರಿಯಲ್ಲಿ ಇರುವುದು ಬೇಡ. ಕತ್ತರಿಸಿದ ಪಟ್ಟಿ ಸುರುಳಿಯಾಗಿ ಮಣಿಕಟ್ಟಿನ ಕಡೆಗೆ ಬಂದರೆ ಅದನ್ನು ಅಲ್ಲಲ್ಲೇ ತುಂಡರಿಸಿ ತೆಗೆಯಿರಿ. ಚಿಪ್ಪುಗಳನ್ನು ಅಗಲಿಸಲು ಬೆರಳು ಹಾಕದೆ ಚಮಚದ ಹಿಡಿಯನ್ನು ಹಾಕಿ.

ಇಬ್ಬರು ಮಕ್ಕಳ ತಾಯಿ, ಮೈಸೂರು:

ಆ ಪಟ್ಟಿಗಳನ್ನು ಹಾಗೆಯೇ ಕಸಕ್ಕೆ ಹಾಕಬೇಡಿ ಎಂದೂ ಸೇರಿಸಬೇಕು. ಒಣ ಕಸವನ್ನು ಬೇರ್ಪಡಿಸುವವರು ಕೈಯಿಂದಲೇ ಬೇರ್ಪಡಿಸುತ್ತಾರೆ. ನಾನು ಚೂಪಾದ ತುಂಡುಗಳನ್ನೆಲ್ಲ ಚಿಪ್ಪಿನೊಳಗೆ ಹಾಕಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಬಂದವರಿಗೆ ಹೇಳಿ ಕೊಡುತ್ತೇನೆ.

ನಿವೃತ್ತ ಶಿಕ್ಷಕ, ಧಾರವಾಡ:

ಆಸ್ಪತ್ರೆಗೆ ಹೋಗಿ ಬಂದೆ. ವೈದ್ಯರು ಬೆರಳಿನ ಎರಡೂ ಪಕ್ಕಗಳನ್ನು ಪರೀಕ್ಷಿಸಿ, ಹೊರಪಕ್ಕದಲ್ಲಿ ಸ್ಪರ್ಶ ಕುಗ್ಗಿದೆ, ಪೂರ್ತಿ ಹೋಗಿಲ್ಲ, ನರ ಜಜ್ಜಿರುವ ಲಕ್ಷಣವಿದೆ ಎಂದರು. ಹೊಲಿಗೆ ಬಿಚ್ಚುವಾಗ ಒಮ್ಮೆ, ಮೂರು ವಾರಗಳ ನಂತರ ಮತ್ತೊಮ್ಮೆ ಬಂದು ತೋರಿಸಬೇಕು. ಹಾಸನದ ಸಹೋದರಿ ಕೇಳದಿದ್ದರೆ ನಾನು ಹೋಗುತ್ತಿರಲಿಲ್ಲ. ಅವರಿಗೆ ನನ್ನ ಕೃತಜ್ಞತೆಗಳು.

ಬರುವಾಗ ಸ್ಪ್ರಿಂಗ್ ಇರುವ ಗಿಡದ ಕತ್ತರಿಯನ್ನು ತಂದೆ. ಎಡಗೈಗೆ ಕಟ್ಟು ಇರುವುದರಿಂದ, ಮೊಮ್ಮಗಳ ಟಾರ್ಚಿನ ಪ್ಯಾಕೆಟ್ಟನ್ನು ಒದ್ದೆ ಬಟ್ಟೆಯ ಮೇಲಿರಿಸಿ, ಭಾರವಾದ ನಿಘಂಟೊಂದನ್ನು ಅದರ ಒಂದು ಬದಿಗೆ ಹೇರಿ, ಬಲಗೈ ಒಂದರಿಂದಲೇ ಕತ್ತರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದಾಗ ಬೆಸುಗೆಯ ಚುಕ್ಕೆಗಳು ಪೀಣ್ಯದವರು ಹೇಳಿದ ಜಾಗದಲ್ಲೇ ಕಂಡವು. ಅದರ ಒಳಗಿನಿಂದ, ಕತ್ತರಿಯನ್ನು ಪೂರ್ತಿ ಮುಚ್ಚದೆ, ಮೂರು ಪಕ್ಕ ಮುಗಿಸಲು ಐದು ನಿಮಿಷ ಹಿಡಿಯಿತು. ಒಂದು ಮೂಲೆಯಲ್ಲಿ ಅವಸರಪಟ್ಟು ಚೂಪಾಗಿ ತಿರುಗಿದ್ದರಿಂದ ಅಲ್ಲಿ ದರ್ಜಿಯವರು ಹೇಳಿದ ಮುಳ್ಳು ಎದ್ದಿತ್ತು, ಅದನ್ನು ಚಿವುಟಿ ತೆಗೆದೆ. ಕಾರ್ಡು ಹರಿಯದೆ ಬಂದಿದೆ, ಬಾರ್‌ಕೋಡನ್ನು ರಸೀದಿಯ ಜೊತೆ ಇಟ್ಟಿದ್ದೇನೆ.